ತವರುಕೋಶ

ತವರುಕೋಶದ ಚಿಕಿತ್ಸೆಗೆ ರೋಗಿ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ, ಅದು ಸರ್ಕಾರದ ಲೆಕ್ಕ. ಕೊಡುವವಳು ತಾಯಿ. ಅವಳಿಗೆ ಏನೇನು ಖರ್ಚಾಗುತ್ತದೆ ಎಂಬುದನ್ನು ಕೋಶ ಕೇಂದ್ರದ ಗೋಡೆಯ ಮೇಲೆ ಎಲ್ಲಿಯೂ ಬರೆದಿರಲಿಲ್ಲ. ಆದರೆ ಎದುರಿನ ಖಾನಾವಳಿಯ ಕಸ್ತೂರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಮೊದಲು ಕರೆಯುವ ಮದ್ದು. ಅದನ್ನು ಚುಚ್ಚಿಸಿಕೊಂಡವರಿಗೆ ಎಲುಬಿನೊಳಗೆ ಇರುವೆ ಹರಿದಾಡಿದ ಹಾಗಾಗುತ್ತದೆ. ರೊಟ್ಟಿ ಮುರಿಯಲು ಬೆರಳು ಬಗ್ಗುವುದಿಲ್ಲ, ಅಂಥವರಿಗೆ ಮೆತ್ತಗಿನ ಅನ್ನ, ತಿಳಿ ಸಾರೇ ಸರಿ. ಆಮೇಲೆ ಟೊಂಕದ ಎಲುಬಿಗೆ ಸೂಜಿ. ಅದಾದ ಮೇಲೆ ಒಂದು ತಿಂಗಳು ನೆಲದ ಮೇಲೆ ಕೂರುವ ಮಾತಿಲ್ಲ. ಹಾಗಾಗಿ ಕಸ್ತೂರಿ ತನ್ನ ಖಾನಾವಳಿಯಲ್ಲಿ ನೆಲದ ಪಂಕ್ತಿಯನ್ನು ತೆಗೆಸಿ ಬೆಂಚು ಹಾಕಿಸಿದ್ದಳು. ಹಳೆಯ ಸೀರೆ ತುಂಬಿ ಕೈಯಾರೆ ಹೊಲಿದ ದಿಂಬುಗಳನ್ನು ಒಂದು ಮೂಲೆಯಲ್ಲಿ ಪೇರಿಸಿಟ್ಟಿದ್ದಳು. ಬಾಗಿಲಲ್ಲಿ ಯಾರಾದರೂ ಹೆಂಗಸು ಒಂದು ಕಾಲು ಎಳೆಯುತ್ತ ಕಾಣಿಸಿಕೊಂಡರೆ ಕೇಳುವ ಮೊದಲೇ ದಿಂಬು ಬಂದು ಬೀಳುತ್ತಿತ್ತು.

ಕೊನೆಯದು ಇನ್ನೊಂದು ಖರ್ಚು. ಹೊರಗೆ ಬಂದದ್ದು ಮತ್ತೆ ಒಳಗೆ ಹುಟ್ಟುವುದಿಲ್ಲ. ಆದರೆ ಅದನ್ನು ಯಾವ ತಾಯಿಯೂ ಖರ್ಚೆಂದು ಎಣಿಸಿದ್ದನ್ನು ಕಸ್ತೂರಿ ನೋಡಿರಲಿಲ್ಲ.

ವಿಷಯ ಇಷ್ಟೇ. ಹೊಟ್ಟೆಯಲ್ಲಿರುವ ಕೂಸು ತಾಯಿಯಿಂದ ತೆಗೆದುಕೊಳ್ಳುವುದಷ್ಟೇ ಅಲ್ಲ, ತಾನೂ ತನ್ನ ಕೆಲವು ಕೋಶಗಳನ್ನು ಅವಳ ರಕ್ತಕ್ಕೆ ಬಿಡುತ್ತದೆ. ಅವುಗಳಲ್ಲಿ ಕೆಲವು ಆಕರಕೋಶಗಳು, ಅಂದರೆ ಇನ್ನೂ ಏನೂ ಆಗದವು. ಕಣ್ಣೂ ಅಲ್ಲ, ಎಲುಬೂ ಅಲ್ಲ, ಹೇಳಿದರೆ ಏನು ಬೇಕಾದರೂ ಆಗಬಲ್ಲವು. ಅವು ತಾಯಿಯ ಮೂಳೆಯ ಮಜ್ಜೆಗೆ ಹೋಗಿ ಅಲ್ಲೇ ಮನೆಮಾಡುತ್ತವೆ. ಕೂಸು ಹುಟ್ಟಿ, ಬೆಳೆದು, ಮೀಸೆ ಬಂದು, ಮೀಸೆ ಬೆಳ್ಳಗಾದರೂ ಅವು ಅಲ್ಲಿಯೇ ಇರುತ್ತವೆ. ದೊಡ್ಡವರ ಚರ್ಮದ ಕೋಶವನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ಆಕರಕೋಶ ಮಾಡಿ, ಹೊಸ ಅಂಗ ಬೆಳೆಸುವುದನ್ನು ವೈದ್ಯರು ಮೊದಲೇ ಕಲಿತಿದ್ದರು. ಆದರೆ ಆ ಕೋಶಗಳು ತಮ್ಮ ವಯಸ್ಸನ್ನು ಮರೆಯುತ್ತಿರಲಿಲ್ಲ, ಬೆಳೆಸಿದ ಅಂಗ ಬೇಗ ಬಾಡುತ್ತಿತ್ತು. ತಾಯಿಯಲ್ಲಿ ಉಳಿದ ಕೋಶಕ್ಕೆ ಮಾತ್ರ ವಯಸ್ಸೇ ಆಗಿರುವುದಿಲ್ಲ. ಅದನ್ನು ಹೊರಗೆ ಕರೆಯುವ ಮದ್ದು ಸಿಕ್ಕಿದ ಮೇಲೆ ಜನ ಅದಕ್ಕೆ ತವರುಕೋಶ ಎಂದು ಹೆಸರಿಟ್ಟರು.

ತಾಯಂದಿರಿಗೆ ಒಮ್ಮೆಲೇ ಬೆಲೆ ಬಂತು. ಮದುವೆಯ ಮಾತುಕತೆಯಲ್ಲಿ ಹುಡುಗನಿಗೆ ತಾಯಿ ಇದ್ದಾಳೋ ಇಲ್ಲವೋ ಎಂದು ಮೊದಲು ಕೇಳತೊಡಗಿದರು. ಎಷ್ಟೋ ವರ್ಷ ತಿರುಗಿ ನೋಡದ ಮಕ್ಕಳು ಮುದುಕಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಗೆ ಬಂದರು.

ರೋಣದ ಕಡೆಯ ಅಂಥ ಒಬ್ಬ ಮುದುಕಿ ದಿಂಬಿನ ಮೇಲೆ ಕೂತು ಕಸ್ತೂರಿಗೆ ಹೇಳಿದ್ದಳು:

"ನಾಕ ಮಂದಿ ಗಂಡಮಕ್ಕಳವ್ವಾ. ನಾಕೂ ಮಂದಿ ನನ್ನೊಳಗ ಕುಂತಾರಂತ, ಡಾಕ್ಟರ್ ಹೇಳಿದ್ರು. ಬಾಡಿಗಿ ಇಲ್ಲ, ಏನಿಲ್ಲ. ನಾ ಒಬ್ಬಾಕಿ ಅವರ ಮನ್ಯಾಗ ಇರತೀನಂದ್ರ ಮಾತ್ರ ಜಾಗಾ ಸಣ್ಣದಾಗತೈತಿ."

ಖಾನಾವಳಿಯೆಲ್ಲ ನಕ್ಕಿತ್ತು. ಮುದುಕಿಯೂ ನಕ್ಕು, ಕಸ್ತೂರಿಯ ಬೋಳು ಹಣೆ ನೋಡಿ, "ನಿನಗ ಮಕ್ಕಳು ಎಷ್ಟಬೇ?" ಎಂದು ಕೇಳಿದಳು.

"ಇಲ್ಲ ಯವ್ವಾ."

"ಬಿಡು, ಚಲೋ ಆತು. ಸೂಜಿ ಚುಚ್ಚಿಸಿಕೊಳ್ಳೂ ಕಾಟ ಇಲ್ಲ ನಿನಗ."

ಕಸ್ತೂರಿ ಅವಳ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿ ಒಲೆಯ ಕಡೆ ತಿರುಗಿದ್ದಳು.

ಕಸ್ತೂರಿಗೆ ಒಂದು ಮಗು ಹುಟ್ಟಿತ್ತು. ಗಂಡು. ಅವಳ ಗಂಡನ ಅಣ್ಣನ ಹೆಂಡತಿ ಸುಮಿತ್ರಾಳಿಗೆ ಮದುವೆಯಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ಕಸ್ತೂರಿ ಬಸುರಾದಾಗ ಅತ್ತೆ ಇಬ್ಬರನ್ನೂ ಬೈಲಹೊಂಗಲದ ತನ್ನ ತಂಗಿಯ ಮನೆಗೆ ಕರೆದುಕೊಂಡು ಹೋದಳು. ಹೆರಿಗೆ ಅಲ್ಲೇ ಆಯಿತು. ಹನ್ನೆರಡನೆಯ ದಿನ ತೊಟ್ಟಿಲ ಶಾಸ್ತ್ರ. ಕೂಸನ್ನು ತೊಟ್ಟಿಲ ಕೆಳಗಿನಿಂದ ಒಬ್ಬಳು ಕೊಡಬೇಕು, ಆಚೆ ಕಡೆ ಇನ್ನೊಬ್ಬಳು ತೆಗೆದುಕೊಂಡು ತೊಟ್ಟಿಲ ಮೇಲಿನಿಂದ ತಿರುಗಿ ಕೊಡಬೇಕು. ಹಾಗೆ ಮೂರು ಸಲ. ಕಸ್ತೂರಿ ಕೊಟ್ಟಳು, ಸುಮಿತ್ರಾ ತೆಗೆದುಕೊಂಡು ತಿರುಗಿ ಕೊಟ್ಟಳು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಕಸ್ತೂರಿ ಕೊಟ್ಟಳು, ಕೂಸು ತಿರುಗಿ ಬರಲಿಲ್ಲ. ಸುಮಿತ್ರಾ ಅದನ್ನು ಉಡಿಯಲ್ಲಿ ಮುಚ್ಚಿಕೊಂಡು ಒಳಗೆ ಹೋದಳು. ಮೊದಲೇ ಮಾತಾದದ್ದೇ. "ನಿನಗೇನು, ಇನ್ನೂ ಆಗತಾವ" ಎಂದಿದ್ದಳು ಅತ್ತೆ. ಊರಿಗೆ ಬರುವಾಗ ಕೂಸು ಸುಮಿತ್ರಾಳದಾಗಿತ್ತು, ಕಸ್ತೂರಿ ಚಿಗವ್ವ ಆಗಿದ್ದಳು. ಮಗನಿಗೆ ಎಂದೂ ಹೇಳಬಾರದೆಂದು ತೊಟ್ಟಿಲು ಮುಟ್ಟಿ ಆಣೆಯಾಗಿತ್ತು.

ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಗಂಡ ಲಾರಿಯ ಮೇಲೆ ಹೋದವನು ಕೊಲ್ಹಾಪುರದ ಹತ್ತಿರ ತೀರಿಕೊಂಡ. ವಿಷಯ ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋಗಿ, ಉಳಿದವರು ಇಬ್ಬರೇ ಹೆಂಗಸರು. ಅವರಿಬ್ಬರೂ ಹಬ್ಬಕ್ಕೆ ಮಾತ್ರ ಮಾತಾಡುತ್ತಿದ್ದರು.

ಹುಡುಗನ ಹೆಸರು ಓಂಕಾರ. ಈಗ ಅವನಿಗೆ ಮೂವತ್ತಾರು.

ಅವನು ಗೋಕುಲ ರಸ್ತೆಯ ಒಂದು ಶೆಡ್ಡಿನಲ್ಲಿ ಬೆಸುಗೆಯ ಕೆಲಸದವನು. ಕಬ್ಬಿಣಕ್ಕೆ ಕಬ್ಬಿಣ ಕೂಡಿಸಿದರೆ ಗೆರೆ ಕಾಣಿಸದಂಥ ಕೈ. ಹೊಸದಾಗಿ ಬಂದ ಲೇಸರ್ ಯಂತ್ರದ ಕಿರಣ ಒಂದು ದಿನ ದಾರಿ ತಪ್ಪಿ ಅವನ ಎರಡೂ ಕಣ್ಣಿನ ನಡುಭಾಗವನ್ನು ಸುಟ್ಟಿತು. ಪೂರ್ತಿ ಕುರುಡಾಗಲಿಲ್ಲ. ಅಂಚಿನದೆಲ್ಲ ಕಾಣುತ್ತಿತ್ತು, ನೇರ ನೋಡಿದ ಜಾಗದಲ್ಲಿ ಮಾತ್ರ ಕರಿ ಮಸಿ. ಬಾಗಿಲ ಚೌಕಟ್ಟು ಕಾಣುತ್ತಿತ್ತು, ಅದರಲ್ಲಿ ನಿಂತವರ ಮುಖ ಕಾಣುತ್ತಿರಲಿಲ್ಲ. ಅದಾಗಿ ಎರಡು ತಿಂಗಳಿಗೆ ಅವನಿಗೆ ಮಗಳು ಹುಟ್ಟಿದಳು. ಕೂಸಿನ ಕೈಕಾಲು ಆಡುವುದನ್ನು ಓರೆಗಣ್ಣಿನಿಂದ ನೋಡುತ್ತಿದ್ದ, ಮುಖ ನೋಡಲು ಹೋದರೆ ಮಸಿ.

ಕೋಶ ಕೇಂದ್ರಕ್ಕೆ ಅವನು ಸುಮಿತ್ರಾಳ ಕೈ ಹಿಡಿದುಕೊಂಡೇ ಬಂದ. ತಪಾಸಣೆ ಮುಗಿದ ಮೇಲೆ ಊಟಕ್ಕೆ ಎದುರಿಗೆ ಬಂದರು.

"ಚಿಗವ್ವಾ, ನಿನ್ನ ಕೈಯಷ್ಟ ಕಾಣಾಕತ್ತಾವ ನೋಡು" ಎಂದ, ರೊಟ್ಟಿ ಬಡಿಯುತ್ತಿದ್ದವಳ ಕಡೆ ತಲೆ ವಾರೆಮಾಡಿ. "ಮುಖ ಇಲ್ಲ. ಕೈ ಎರಡೂ ತಾವ ರೊಟ್ಟಿ ಬಡದಂಗ ಕಾಣತೈತಿ."

"ಮುಖದಾಗ ಏನೈತೋ ನೋಡಾಕ? ರೊಟ್ಟಿ ನೋಡು."

"ಅವ್ವನ ರಕ್ತ ತಗೊಂಡಾರ. ಇನ್ನ ಚಿಂತಿ ಇಲ್ಲ."

ಸುಮಿತ್ರಾ ತಲೆ ಎತ್ತಲಿಲ್ಲ. ಕಸ್ತೂರಿಯ ಕೈಯಲ್ಲಿದ್ದ ರೊಟ್ಟಿ ಅಂಚಿನಲ್ಲಿ ಸೀಳಿತು.

ಅವಳು ಸುಮಿತ್ರಾಳನ್ನು ತಡೆಯಲಿಲ್ಲ. ಏನೆಂದು ತಡೆಯುವುದು? ಕೇಂದ್ರದಲ್ಲಿ ಸುಮಿತ್ರಾ ಕರೆಯುವ ಮದ್ದು ಚುಚ್ಚಿಸಿಕೊಂಡಳು, ಟೊಂಕಕ್ಕೆ ಸೂಜಿ ಹಾಕಿಸಿಕೊಂಡಳು. ಏನೂ ಸಿಗಲಿಲ್ಲ. ತಿಂಗಳು ಬಿಟ್ಟು ಮತ್ತೊಮ್ಮೆ ಹಾಕಿಸಿಕೊಂಡಳು. ಆಗಲೂ ಇಲ್ಲ. ಕೆಲವು ತಾಯಂದಿರಲ್ಲಿ ತವರುಕೋಶ ಉಳಿದಿರುವುದಿಲ್ಲ, ಅದರಲ್ಲಿ ಯಾರ ತಪ್ಪೂ ಇಲ್ಲ ಎಂದು ಕೇಂದ್ರದ ವೈದ್ಯೆ ತಸ್ನೀಮ್ ಕಿತ್ತೂರ ಓಂಕಾರನಿಗೆ ಹೇಳಿ ಕಳಿಸಿದಳು.

ಮರುದಿನ ಮಧ್ಯಾಹ್ನ, ಊಟದ ಗದ್ದಲ ಇಳಿದ ಮೇಲೆ ಸುಮಿತ್ರಾ ಒಬ್ಬಳೇ ಖಾನಾವಳಿಯ ಹಿಂದಿನ ಬಾಗಿಲಿಂದ ಒಳಗೆ ಬಂದಳು. ಕಾಲು ಎಳೆಯುತ್ತಿದ್ದಳು. ಕಸ್ತೂರಿ ದಿಂಬು ಹಾಕಿದಳು. ಸುಮಿತ್ರಾ ಕೂರಲಿಲ್ಲ.

"ಎರಡ ಸಲ ಚುಚ್ಚಿದ್ರು."

"ಗೊತ್ತೈತಿ ಅಕ್ಕಾ. ಯಾಕ ಚುಚ್ಚಿಸಿಕೊಂಡಿ? ನಿನಗ ಗೊತ್ತಿಲ್ಲೇನು?"

"ಏನ ಗೊತ್ತು? ನನಗೇನ ಗೊತ್ತು?" ಸುಮಿತ್ರಾಳ ದನಿ ಏರಿತು. "ಆ ಕೂಸಿಗೆ ಮೈತುಂಬ ಗೊಬ್ಬರ ಎದ್ದು ಜ್ವರ ಬಂದಾಗ ಹದಿನೈದು ದಿನ ಎದಿಮ್ಯಾಲೆ ಮಲಗಿಸಿಕೊಂಡಾಕಿ ನಾನು. ಅದರ ಎಂಜಲಾ ತಿಂದೇನಿ, ಅದರ ಹೇಲು ಉಚ್ಚಿ ಬಳದೇನಿ. ಇಷ್ಟ ವರ್ಷದಾಗ ನನ್ನೊಳಗ ಅವನದೊಂದು ಕಣಾನೂ ಹೋಗಿಲ್ಲೇನು? ಒಂದು? ಅವು ಹೊಟ್ಟಿಯಿಂದಷ್ಟ ಹೋಗತಾವಂತ! ಯಾವ ನ್ಯಾಯ ಇದು?"

ಹಂಚಿನ ಮೇಲಿನ ರೊಟ್ಟಿ ಉಬ್ಬಿತು, ತೆಗೆದಳು. ಮೂವತ್ತಾರು ವರ್ಷ ಅವಳು ಸುಮಿತ್ರಾಳ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಳು. ಸುಮಿತ್ರಾ ತನ್ನ ಮೇಲೆ ಕಿಚ್ಚು ಪಡುವುದನ್ನು ಇಂದೇ ಮೊದಲು ನೋಡಿದ್ದು. ಅದರಿಂದ ಏನೂ ಸುಖವಾಗಲಿಲ್ಲ.

"ನಾ ಹೋಗತೀನಿ ಅಕ್ಕಾ."

ಸುಮಿತ್ರಾ ಅವಳನ್ನೇ ನೋಡಿದಳು. ಕೇಳಬೇಕಾದ್ದನ್ನು ಕೇಳಲು ಬಾಯಿ ಬರಲಿಲ್ಲ. ಕಸ್ತೂರಿಯೇ ಹೇಳಿದಳು:

"ಹೇಳೂದಿಲ್ಲ. ಅವತ್ತು ತೊಟ್ಟಿಲ ಮುಟ್ಟೀನಲ್ಲ, ಅದ ಸಾಕು."

ಸುಮಿತ್ರಾ ಆಗ ಕೂತಳು. ದಿಂಬಿನ ಮೇಲೆ ಅಲ್ಲ, ಹಿಟ್ಟು ನಾದುವ ಕೊಣಮಿಗೆಯ ಮುಂದೆ, ನೆಲದ ಮೇಲೆಯೇ, ನೋವಿಗೆ ಹಲ್ಲು ಕಚ್ಚಿಕೊಂಡು. ಹಿಟ್ಟಿನ ಒಂದು ಉಂಡೆ ತೆಗೆದುಕೊಂಡು ರೊಟ್ಟಿ ಬಡಿಯತೊಡಗಿದಳು. ಅವಳ ಮನೆಯಲ್ಲಿ ಅಡುಗೆ ಸೊಸೆಯದು, ತಾನು ರೊಟ್ಟಿ ಬಡಿದು ಎಷ್ಟೋ ವರ್ಷವಾಗಿತ್ತು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಕಸ್ತೂರಿ ಅದನ್ನು ಹಾಗೇ ಬೇಯಿಸಿದಳು.

ತಸ್ನೀಮ್ ಮೂರು ವರ್ಷದಿಂದ ಕಸ್ತೂರಿಯ ಕೈಯ ಊಟ ಉಂಡವಳು. ವಿಷಯ ಕೇಳಿ ಹುಬ್ಬೇರಿಸಲಿಲ್ಲ.

"ಈ ಊರಾಗ ನೀವೊಬ್ಬರ ಅಲ್ರಿ ಕಸ್ತೂರಕ್ಕ. ಈ ಮದ್ದು ಬಂದ ಮ್ಯಾಲೆ ಎಷ್ಟು ಮನಿ ಒಡದಾವೋ. ಅದಕ್ಕಂತನ ಪರದೆಯ ಕಾಯ್ದೆ ತಂದಾರ. ಕೊಟ್ಟವರು ಯಾರು ಅಂತ ನಾ ಯಾರಿಗೂ ಹೇಳೂ ಹಂಗಿಲ್ಲ. 'ಸಿಕ್ಕಾವ' ಅಂತೀನಿ, ಅಷ್ಟ."

"ಸಿಗತಾವೇನ್ರಿ?"

"ನೋಡೂಣು. ಈ ಸಲ ಸುಮ್ಮನ ಸೂಜಿ ಬ್ಯಾಡ, ಮೊದಲ ಒಂಚೂರು ಮದ್ದು ಕೊಟ್ಟು, ರಕ್ತದಾಗ ಎಷ್ಟು ಹೊರಬರತಾವ ನೋಡತೀನಿ."

ಎರಡು ದಿನ ಬಿಟ್ಟು ತಸ್ನೀಮ್ ಅವಳನ್ನು ಪ್ರಯೋಗಾಲಯದೊಳಕ್ಕೆ ಕರೆದಳು. ತಣ್ಣಗಿನ ಕೋಣೆ, ಗಾಳಿಯ ಒಂದೇ ಸಮನೆಯ ಸದ್ದು. ಕಸ್ತೂರಿಯ ತಲೆಗೆ ಟೋಪಿ, ಕಾಲಿಗೆ ಚೀಲ. ಗಾಜಿನ ತಟ್ಟೆಯೊಂದನ್ನು ಯಂತ್ರದ ಕೆಳಗಿಟ್ಟು ತಸ್ನೀಮ್ ಪರದೆ ತೋರಿಸಿದಳು. ಮಸುಕಾದ ನೂರಾರು ಚುಕ್ಕೆಗಳು, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಹಸಿರಾಗಿ ಹೊಳೆಯುವ ದುಂಡನೆಯವು.

"ಮಸುಕಾದವು ನಿಮ್ಮವು. ಹಸಿರು ಬಣ್ಣ ಹಿಡದಾವಲ್ಲ, ಅವು ಓಂಕಾರಂದು."

ಕಸ್ತೂರಿ ಮುಂದೆ ಬಾಗಿದಳು. ಅದರಲ್ಲಿ ಒಂದು ಮೆಲ್ಲಗೆ ನಡು ಸೊರಗಿ, ನಿಧಾನವಾಗಿ ಎರಡಾಗುತ್ತಿತ್ತು.

"ಅದೇನಾಗಾಕತ್ತೈತ್ರಿ?"

"ಬೆಳಿಯಾಕತ್ತೈತಿ. ಇಷ್ಟ ದಿನ ಸುಮ್ಮನ ಕುಂತಿತ್ತು, ಕರದ್ವಿ, ಎದ್ದೈತಿ."

"ಇವಕ್ಕ ವಯಸ್ಸೆಷ್ಟ್ರಿ ಈಗ?"

"ವಯಸ್ಸು ಆಗಿಲ್ಲ. ಹುಟ್ಟಿದ ದಿನ ಹ್ಯಾಂಗಿದ್ದವೋ ಹಂಗ ಅದಾವ."

ಗಂಡ ತೀರಿದ ಮೇಲೆ ಅವಳು ಎಷ್ಟು ಸಂಜೆ ಖಾನಾವಳಿಯ ಬಾಗಿಲು ಹಾಕಿ, ಉಳಿದ ಸಾರಿನಲ್ಲಿ ಒಬ್ಬಳೇ ರೊಟ್ಟಿ ಅದ್ದಿಕೊಂಡು ತಿಂದಿದ್ದಳೋ. ಒಬ್ಬಳೇ ಎಂದೇ ತಿಳಿದಿದ್ದಳು. ಈ ಹಸಿರು ಚುಕ್ಕೆಗಳು ಆಗಲೂ ಇದ್ದವು. ಜ್ವರ ಬಂದು ಯಾರೂ ನೀರು ಕೊಡದೆ ಮಲಗಿದಾಗಲೂ ಇದ್ದವು. ಹಬ್ಬಕ್ಕೆ ಹೋಗಿ, ಅವನು ಸುಮಿತ್ರಾಳನ್ನು ಅವ್ವಾ ಎಂದು ಕರೆಯುವುದನ್ನು ಕೇಳಿ ಬಸ್ಸಿನಲ್ಲಿ ತಿರುಗಿ ಬರುವಾಗಲೂ ಇವು ಅವಳ ಜೊತೆ ಬಸ್ಸಿನಲ್ಲಿ ಬಂದಿದ್ದವು. ಗೊತ್ತಿದ್ದರೆ ಆಗಾಗ ಒಂದು ಮಾತಾದರೂ ಆಡಬಹುದಿತ್ತು ಎಂದುಕೊಂಡಳು. ಆಮೇಲೆ ತನ್ನ ಹುಚ್ಚಿಗೆ ತಾನೇ ನಾಚಿದಳು.

"ಎಲ್ಲಾ ತಗೀತೀರೇನ್ರಿ?"

ತಸ್ನೀಮ್ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. "ಅದನ್ನ ಹೇಳಾಕ ಕರದೆ. ನಿಮ್ಮಲ್ಲಿ ಭಾಳ ಇಲ್ಲ. ಅರ್ಧ ತಗೊಂಡ್ರ ಒಂದು ಕಣ್ಣು ಆಗತೈತಿ. ಎರಡೂ ಕಣ್ಣಿಗಂದ್ರ ಎಲ್ಲಾ ಬೇಕು, ಒಂದೂ ಬಿಡಾಕ ಬರೂದಿಲ್ಲ. ತೀರ್ಮಾನ ಕೊಡುವವರದು, ಕಾಯ್ದೆ ಹಂಗೈತಿ. ಒಂದು ಕಣ್ಣಾದ್ರೂ ಮುಖ ಕಾಣತಾವ. ಓದಬಹುದು. ಓಡಾಡಬಹುದು."

"ಇಲ್ಲೇ ಬೆಳಿಸಿ ಹೆಚ್ಚ ಮಾಡಾಕ ಬರೂದಿಲ್ಲೇನ್ರಿ?"

"ಒಂದ ಹಂತದ ತನಕ ಬರತೈತಿ. ಅದರಾಚೆ ಬೆಳಿಸಿದ್ರ ಅವೂ ಮುದುಕಾಗತಾವ. ಆಮ್ಯಾಲೆ ನಿಮ್ಮೊಳಗ ತಿರುಗಿ ಹಾಕಿದ್ರೂ ನಿಲ್ಲೂದಿಲ್ಲ."

"ನಾಳೆ ಹೇಳತೀನ್ರಿ" ಎಂದಳು ಕಸ್ತೂರಿ.

ಅವಳು ಲೆಕ್ಕ ತಿಳಿದ ಹೆಂಗಸು. ಒಂದು ಕಣ್ಣು ಸಾಲದೇ? ಒಂದೇ ಕಣ್ಣಿನಲ್ಲಿ ಸಂಸಾರ ಮಾಡಿದವರು ಎಷ್ಟು ಜನರಿಲ್ಲ. ಮಗಳ ಮುಖ ಕಂಡರೆ ಅವನಿಗೆ ಸಾಕು, ಅರ್ಧ ತನ್ನಲ್ಲಿ ಉಳಿದರೆ ತನಗೆ ಸಾಕು. ಒಂದು ಸಲ ಪೂರ್ತಿ ಕೊಟ್ಟಾಗಿದೆ, ಈ ಸಲ ಅರ್ಧ ಇಟ್ಟುಕೊಂಡರೆ ಯಾವ ದೇವರು ಕೇಳುತ್ತಾನೆ? ಕೇಂದ್ರದಿಂದ ರಸ್ತೆ ದಾಟಿ ಬರುವುದರೊಳಗೆ ಅವಳು ಅರ್ಧವೆಂದೇ ತೀರ್ಮಾನ ಮಾಡಿದ್ದಳು.

ಖಾನಾವಳಿಯ ಬೆಂಚಿನ ಮೇಲೆ ಓಂಕಾರ ಕೂತಿದ್ದ. ಕಾಲ ಮೇಲೆ ಕೂಸು. ಕೋಶ ಸಿಗುವ ಹಾಗಿದೆ ಎಂದು ಕೇಂದ್ರದಿಂದ ಬೆಳಿಗ್ಗೆ ಫೋನು ಹೋಗಿತ್ತು.

"ಅವ್ವ ಮೂರನೇ ಸಲ ಚುಚ್ಚಿಸಿಕೊಂಡಾಳ ಕಾಣತೈತಿ ಚಿಗವ್ವಾ, ನನಗ ಹೇಳವಲ್ಲಳು. ಒಂದ ಕಣ್ಣಾಗಬಹುದು, ಇಲ್ಲಾ ಎರಡೂ ಆಗಬಹುದು ಅಂದ್ರು. ನಾ ಅಂದೆ, ಒಂದಾದ್ರೂ ಸಾಕ್ರಿ, ಈಕಿ ಮಾರಿ ಕಂಡ್ರ ಸಾಕು."

"ಒಂದ ಕಣ್ಣಿಂದ ಬೆಸುಗಿ ಮಾಡಾಕ ಬರತೈತೇನೋ?" ಸುಮ್ಮನೆ ಕೇಳಿದ ಹಾಗೆ ಕೇಳಿದಳು.

ಅವನು ನಕ್ಕ. "ಇಲ್ಲ ಬಿಡು. ಒಂದ ಕಣ್ಣಿಗೆ ದೂರ ಹತ್ತಿರ ತಿಳಿಯೂದಿಲ್ಲ. ಕೂದಲೆಳಿ ಆಚೀಚಿ ಆದ್ರ ಕೂಡಿಕಿ ನಿಲ್ಲಂಗಿಲ್ಲ. ಗೇಟಿನ ಮುಂದ ಸ್ಟೂಲ ಹಾಕಿ ಕುಂದ್ರಸತೀನಿ ಅಂದಾನ ಮಾಲಕ. ಬಂದ ಗಾಡಿ ಹೋದ ಗಾಡಿ ನೋಡಕೋತ ಇರೂದು. ನಡೀತೈತಿ."

ನಡೆಯುತ್ತದೆ ಎನ್ನುತ್ತಲೇ ನೀರು ಕುಡಿಯಲು ಲೋಟಕ್ಕೆ ಕೈ ಚಾಚಿದ. ಕೈ ಲೋಟದ ಪಕ್ಕ ಹೋಯಿತು. ಹುಡುಕಿ ಹಿಡಿದುಕೊಂಡ. ಆ ಬೆರಳುಗಳನ್ನು ಕಸ್ತೂರಿ ನೋಡಿದಳು. ತುದಿಯಲ್ಲಿ ಅಗಲ, ಹೆಬ್ಬೆರಳು ಹಿಂದಕ್ಕೆ ಬಾಗಿದ್ದು. ರೊಟ್ಟಿ ಬಡಿಯುವ ತನ್ನ ಕೈಯೇ ಅದು. ಈ ಕೈಗೆ ಸ್ಟೂಲಿನ ಮೇಲೆ ಏನು ಕೆಲಸ?

ಮರುದಿನ ರಸ್ತೆ ದಾಟಿ ಹೋಗಿ ಹೇಳಿದಳು: "ಎಲ್ಲಾ ತಗೋರಿ."

"ವಿಚಾರ ಮಾಡೀರೇನು?"

"ವಿಚಾರ ಮಾಡಿದ್ರ ಅರ್ಧ ಅಂತೀನಿ. ಅದಕ್ಕ ಲಗೂನ ತಗೋರಿ."

ಕರೆಯುವ ಮದ್ದಿನ ಮೂರು ದಿನ ಎಲುಬಿನಲ್ಲಿ ಹರಿದಾಡಿದ ನೋವನ್ನು ಅವಳು ನೋವೆಂದು ತಿಳಿಯಲಿಲ್ಲ. ಅವು ಏಳುತ್ತಿವೆ, ಹೊರಡುತ್ತಿವೆ ಎಂದು ತಿಳಿದಳು. ಬೆರಳು ಬಗ್ಗದ ದಿನ ಖಾನಾವಳಿಗೆ ರಜೆ ಹಾಕಿ ಬರೀ ಅನ್ನ ಮಾಡಿಕೊಂಡು ಒಬ್ಬಳೇ ಕೂತು ಉಂಡಳು. ಆ ಊಟದಲ್ಲಿ ಮಾತ್ರ ಬಾಯಿಬಿಟ್ಟು ಹೇಳಿದಳು: "ಹುಷಾರಾಗಿ ಹೋಗಪಾ." ನಾಚಿಕೆಯಾಗಲಿಲ್ಲ, ಕೇಳುವವರು ಯಾರೂ ಇರಲಿಲ್ಲ.

ಸೂಜಿ ಹಾಕಿಸಿಕೊಂಡ ಮೂರನೆಯ ದಿನ ಖಾನಾವಳಿ ತೆರೆದಳು. ನೆಲದ ಮೇಲೆ ಕೂರಲು ಆಗದ್ದಕ್ಕೆ ಒಲೆಯನ್ನು ಕಟ್ಟೆಯ ಮೇಲೆ ಏರಿಸಿಕೊಂಡು ನಿಂತೇ ರೊಟ್ಟಿ ಬಡಿಯುತ್ತಿದ್ದಳು. ಕೂರಬೇಕೆನ್ನಿಸಿದಾಗ ತನಗೆಂದೇ ಹೊಲಿದುಕೊಂಡ ಹೊಸ ದಿಂಬೊಂದು ಕುರ್ಚಿಯ ಮೇಲಿತ್ತು. ಮಧ್ಯಾಹ್ನ ಓಂಕಾರ ಬಂದ, ಸುಮಿತ್ರಾಳನ್ನು ತೋಳಿನಲ್ಲಿ ಹಿಡಿದುಕೊಂಡು. ಸುಮಿತ್ರಾ ಬಲಗಾಲು ಎಳೆಯುತ್ತಿದ್ದಳು. ಸೀರೆಯ ಅಡಿ ಟೊಂಕದ ಮೇಲೆ ದಪ್ಪನೆಯ ಪಟ್ಟಿ.

"ಚಿಗವ್ವಾ, ಅವ್ವಗ ಕುಂದ್ರಾಕ ಆಗವಲ್ದು. ಮೂರನೇ ಸಲದ ಸೂಜಿ ನೋಡು, ವಯಸ್ಸಾಗೇತಿ. ಇದ್ದದ್ದರಾಗ ಮೆತ್ತನ ದಿಂಬು ಕೊಡು."

ಸುಮಿತ್ರಾ ಕಸ್ತೂರಿಯನ್ನು ನೋಡಿದಳು. ಮೂಲೆಯ ದಿಂಬುಗಳ ಮೇಲೆಲ್ಲ ಬೇರೆ ತಾಯಂದಿರು ಕೂತಿದ್ದರು. ಕಸ್ತೂರಿ ತನ್ನ ಕುರ್ಚಿಯ ಹೊಸ ದಿಂಬನ್ನು ತೆಗೆದು ಬೆಂಚಿನ ಮೇಲಿಟ್ಟಳು.

"ಕುಂದರು ಅಕ್ಕಾ. ಹಗೂರಕ."

"ನೀನೂ ಕುಂದರಲ್ಲ ಕಸ್ತೂರಿ" ಎಂದಳು ಸುಮಿತ್ರಾ. 

"ಹಂಚು ಕಾದೈತಿ" ಎಂದಳು ಕಸ್ತೂರಿ. ಕಟ್ಟೆಗೆ ಒಂದು ಕೈ ಊರಿ ನಿಂತು, ಅವರಿಬ್ಬರಿಗೂ ಬಡಿಸಿದಳು.

ಕೋಶಗಳನ್ನು ಕಣ್ಣಿನ ತೆಳು ಪದರವಾಗಿ ಬೆಳೆಸಲು ಕೇಂದ್ರದವರಿಗೆ ಮಳೆಗಾಲ ಪೂರ್ತಿ ಹಿಡಿಯಿತು. ದೀಪಾವಳಿಗೆ ಮುಂಚೆ ಒಂದು ಕಣ್ಣು, ಆಮೇಲೆ ಇನ್ನೊಂದು. ಪಟ್ಟಿ ಬಿಚ್ಚಿದ ದಿನ ಓಂಕಾರ ಮೊದಲು ಮಗಳ ಮುಖ ನೋಡಿದನಂತೆ. ಬಹಳ ಹೊತ್ತು ನೋಡಿದನಂತೆ. ಸುಮಿತ್ರಾ ಬಂದು ಹೇಳಿದಳು, ಕಸ್ತೂರಿ ಅಲ್ಲಿರಲಿಲ್ಲ.

ಅವಳು ಅದೇ ವಾರ ತಸ್ನೀಮ್‌ಳ ಹತ್ತಿರ ಹೋಗಿದ್ದಳು. ಗಾಯ ತೋರಿಸುವ ನೆಪ.

"ಒಂದ ಮಾತು ಕೇಳತೀನ್ರಿ. ಎಲ್ಲೆರ ಒಂದು ಉಳದಿರಬಹುದೇನ್ರಿ? ಎಲುಬಿನ ಸಂದ್ಯಾಗ?"

ತಸ್ನೀಮ್ ಸುಳ್ಳು ಹೇಳಬಹುದಿತ್ತು. ಆದರೆ ಕಸ್ತೂರಿ ಅಂಥ ಸುಳ್ಳನ್ನು ಎಷ್ಟೋ ಜನರಿಗೆ ತಾನೇ ಬಡಿಸಿದವಳು, ರುಚಿಯ ಮೇಲೆಯೇ ಸುಳ್ಳೆಂದು ಗುರುತಿಸಿಬಿಡುತ್ತಿದ್ದಳು.

"ಮತ್ತ ರಕ್ತ ನೋಡೇನ್ರಿ. ಉಳದಿಲ್ಲ."

"ಆತು ಬಿಡ್ರಿ" ಎಂದಳು ಕಸ್ತೂರಿ. "ಮಧ್ಯಾಹ್ನ ಊಟಕ್ಕ ಬರ್‍ರಿ. ಹೀರೀಕಾಯಿ ಪಲ್ಯ ಐತಿ."

ಓಂಕಾರ ಒಂದು ದಿನ ಕೆಲಸದ ಬಟ್ಟೆಯಲ್ಲೇ ಖಾನಾವಳಿಗೆ ಬಂದ. ಬೆಂಚಿನ ಮೇಲೆ ಕೂರದೆ ನೇರ ಒಲೆಯ ಹತ್ತಿರ ಬಂದು ನಿಂತ. ತಲೆ ವಾರೆಮಾಡಲಿಲ್ಲ. ನೇರ ಅವಳ ಮುಖ ನೋಡಿದ. ಕಸ್ತೂರಿ ಹಿಟ್ಟಿನ ಕೈ ಎತ್ತಿ ಸೆರಗು ಸರಿಮಾಡಿಕೊಂಡಳು. ಅವನ ಕಣ್ಣೊಳಗೆ, ಕರಿ ಗುಡ್ಡೆಯ ಹಿಂದೆ, ತನ್ನ ಎಲುಬಿನಿಂದ ಹೋದವು ಕೂತು ತನ್ನನ್ನೇ ನೋಡುತ್ತಿವೆ ಎಂದು ಅವಳಿಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ.

"ಚಿಗವ್ವಾ, ಅಷ್ಟರಾಗ ಇಷ್ಟ ಮುದುಕಿ ಆಗಿಬಿಟ್ಟೀಯಲ್ಲ!" ಎಂದು ನಕ್ಕ.

"ನಿನಗ ಕಣ್ಣು ಬಂದದ್ದ ತಪ್ಪಾತು ನೋಡು. ಕುಂದರು, ಬಿಸೀದು ಹಾಕತೀನಿ."

ಅವನು ಕೂತು ಉಂಡ. ಶೆಡ್ಡಿನ ಮಾತು ಹೇಳಿದ, ಮಗಳಿಗೆ ಹಲ್ಲು ಬಂದದ್ದು ಹೇಳಿದ, ಅವ್ವನ ಟೊಂಕ ಈಗ ಪೂರ್ತಿ ವಾಸಿಯಾದದ್ದು ಹೇಳಿದ. ಎದ್ದು ಕೈ ತೊಳೆದು, ಬರುತ್ತೇನೆ ಎಂದು ಹೇಳಿ ಹೋದ.

ಓಂಕಾರನಿಗೆ ಎರಡು ಕಣ್ಣು ಬಂದವು, ಕೆಲಸ ಉಳಿಯಿತು, ಮಗಳ ಮುಖ ಸಿಕ್ಕಿತು. ಸುಮಿತ್ರಾಳಿಗೆ ಮಗ ಉಳಿದ. ಕಸ್ತೂರಿ ಸಂಜೆ ಬಾಗಿಲು ಹಾಕಿ, ಉಳಿದ ಸಾರಿಗೆ ರೊಟ್ಟಿ ಅದ್ದಿಕೊಂಡು ಕೂತಳು. ಇಷ್ಟು ವರ್ಷ ಒಬ್ಬಳೇ ಇದ್ದೇನೆಂದು ತಿಳಿದಿದ್ದಳು, ಆಗ ಒಬ್ಬಳೇ ಇರಲಿಲ್ಲ. ಈಗ ಒಬ್ಬಳೇ ಇದ್ದಳು.